ಯಾವ ಓಣಿಗೆ, ಎಷ್ಟು ಹೊತ್ತಿಗೆ

ಟಿವಿಯಲ್ಲಿ ಹವಾಮಾನ ಹೇಳುವವರು ಪೆಟ್ರೋಲ್ ಬಂಕಿನ ಹೆಸರು ಹೇಳುವುದನ್ನು ನಾನು ಮೊದಲ ಸಲ ಕೇಳಿದ್ದು ಆ ರಾತ್ರಿ. ಊರಿನ ಹೆಸರಲ್ಲ, ಬಂಕಿನ ಹೆಸರು. ಅದನ್ನು ದಾಟಿದರೆ ಬರುವ ಚರ್ಚು, ಅದರ ಮುಂದಿನ ಶಾಲೆ, ಹೆದ್ದಾರಿಯಿಂದ ಇಳಿಯುವ ತಿರುವು. ಸುಂಟರಗಾಳಿ ಬಂದು ಮುಟ್ಟಲು ಇಲ್ಲಿರುವವರಿಗೆ ಇಷ್ಟು ನಿಮಿಷ ಇದೆ, ಅದರಾಚೆಯವರಿಗೆ ಇನ್ನೊಂದಿಷ್ಟು. ನಾನು ಕೂತಿದ್ದು ಕಲಬುರಗಿಯಲ್ಲಿ, ಅವರು ಮಾತಾಡುತ್ತಿದ್ದದ್ದು ಅಮೆರಿಕದ ಅಲಬಾಮಾ ರಾಜ್ಯದವರ ಜೊತೆ. ಆ ಚರ್ಚು ಎಲ್ಲಿದೆಯೋ ನನಗೆ ಗೊತ್ತಿಲ್ಲ, ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ. ಆದರೂ ಅವತ್ತಿನಿಂದ ಒಂದು ವಿಷಯ ತಲೆ ಕೊರೆಯುತ್ತಲೇ ಇದೆ. ನಮ್ಮ ಕಡೆ ಮೋಡದ ಸುದ್ದಿ ಬಂದರೆ ಅದು ಯಾವಾಗಲೂ ಜಿಲ್ಲೆಯ ಅಳತೆಯಲ್ಲೇ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಒಂದೆರಡು ಕಡೆ ಗುಡುಗು ಸಹಿತ ಮಳೆ, ಗಾಳಿ ಗಂಟೆಗೆ 40ರಿಂದ 50 ಕಿಲೋಮೀಟರ್. ಯಾದಗಿರಿ ಬೇರೆಯಾದ ಮೇಲೂ ಕಲಬುರಗಿ ಜಿಲ್ಲೆ ಹತ್ತಿರಹತ್ತಿರ 11 ಸಾವಿರ ಚದರ ಕಿಲೋಮೀಟರ್ ಇದೆ. ಅದರಲ್ಲಿ ಆ ಒಂದೆರಡು ಕಡೆ ಯಾವುದು? ನಮ್ಮ ಹೊಲವೋ, ಚಿಂಚೋಳಿಯ ಕಾಡೋ?

ಆ ರಾತ್ರಿ ಅಂದರೆ 2025ರ ಮಾರ್ಚ್ 15, ಶನಿವಾರ. ಹೋಳಿಯ ಮರುದಿನ. ಶರಣಬಸವೇಶ್ವರ ಜಾತ್ರೆಗೆ ಇನ್ನು ಕೆಲವೇ ದಿನ ಇತ್ತು. ರಂಜಾನ್ ತಿಂಗಳು ಬೇರೆ. ನನ್ನ ಅಕ್ಕನ ಮಗ ಹೆಂಡತಿ, ಮಗಳ ಜೊತೆ ಬರ್ಮಿಂಗ್‌ಹ್ಯಾಮ್ ಪಕ್ಕದ ಹೂವರ್‌ನಲ್ಲಿದ್ದಾನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಲ್ಲ, ಅಲಬಾಮಾದ್ದು. (ಅವ್ವನಿಗೆ ಎಷ್ಟು ಸಲ ಬಿಡಿಸಿ ಹೇಳಿದರೂ ಮೊಮ್ಮಗ ಲಂಡನ್ನಿನಲ್ಲಿದ್ದಾನೆ ಅಂತಲೇ ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ.) ಅವನು ಹಿಂದಿನ ದಿನವೇ ಮೆಸೇಜ್ ಹಾಕಿದ್ದ. "ಮಾಮಾ, ನಾಳಿ ಇಲ್ಲಿ ಹೈ ರಿಸ್ಕ್ ಅಂತ. ಅಮ್ಮಗ ಹೇಳಬ್ಯಾಡ್ರಿ." ಅಮ್ಮ ಅಂದರೆ ಬೀದರ್‌ನಲ್ಲಿರುವ ನನ್ನ ಅಕ್ಕ. ಅವನು ಹಾಗೆ ಬರೆದ ಹೊತ್ತಿಗೆ ಅಕ್ಕ ಟಿವಿಯಲ್ಲಿ ನೋಡಿ ನನಗೆ ಫೋನ್ ಮಾಡಿ ಆಗಿತ್ತು.

ಒಕ್ಲಹೋಮಾದ ನಾರ್ಮನ್ ಊರಿನಲ್ಲಿ ಬಿರುಗಾಳಿಗೆಂದೇ ಒಂದು ಸರ್ಕಾರಿ ಕೇಂದ್ರ ಇದೆ, ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಅಂತ. ಅವರು ದಿನದ ಅಪಾಯವನ್ನು ಐದು ಮಟ್ಟಗಳಲ್ಲಿ ಹೇಳುತ್ತಾರೆ. ಹೈ ರಿಸ್ಕ್ ಅನ್ನುವುದು ಎಲ್ಲಕ್ಕಿಂತ ಮೇಲಿನದು, ವರ್ಷಗಟ್ಟಲೆ ಬರದೆಯೂ ಇರಬಹುದು. ಅದನ್ನು ಒಂದು ದಿನ ಮೊದಲೇ ಘೋಷಿಸುವುದಂತೂ ತೀರಾ ಅಪರೂಪ. ಅದಕ್ಕೂ ಮುಂಚೆ 2006ರಲ್ಲಿ ಒಂದು ಸಲ, 2012ರಲ್ಲಿ ಒಂದು ಸಲ ಮಾತ್ರ ಹಾಗೆ ಹೇಳಿದ್ದರು. ಇದು ಮೂರನೆಯದು. ಶುಕ್ರವಾರವೇ ಮಿಸ್ಸೌರಿ ಕಡೆ ಶುರುವಾಗಿ ಜನ ಸತ್ತಿದ್ದರು. ಕಾನ್ಸಸ್‌ನಲ್ಲಿ ಧೂಳಿನ ಬಿರುಗಾಳಿಗೆ ಕಣ್ಣು ಕಾಣದೆ ಹೆದ್ದಾರಿಯ ಮೇಲೆ ಸಾಲು ವಾಹನಗಳು ಗುದ್ದಿಕೊಂಡಿದ್ದವು. ಶನಿವಾರದ ಸರದಿ ಮಿಸಿಸಿಪ್ಪಿ, ಅಲಬಾಮಾಗಳದ್ದು.

ಮಾರ್ಚ್‌ನಲ್ಲಿ ಅವರು ಗಡಿಯಾರ ಮುಂದೆ ಮಾಡಿಕೊಂಡ ಮೇಲೆ ನಮಗೂ ಅಲಬಾಮಾಕ್ಕೂ ಹತ್ತೂವರೆ ಗಂಟೆ ಅಂತರ. ಅಲ್ಲಿ ಮಧ್ಯಾಹ್ನ ಮೋಡ ಕಟ್ಟುವಾಗ ಇಲ್ಲಿ ನಡುರಾತ್ರಿ. ಅಲ್ಲಿ ಸಂಜೆ ಅಂದರೆ ಇಲ್ಲಿ ಬೆಳಗಿನ ಜಾವ. ಲ್ಯಾಪ್‌ಟಾಪ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಟಿವಿಯ ಲೈವ್ ಹಾಕಿಕೊಂಡೆ, ಮೊಬೈಲ್‌ನಲ್ಲಿ ರಾಡಾರ್ ನಕ್ಷೆ. ಒಂದು ಥರ್ಮಸ್ ಚಹಾ. ಅವ್ವ ಪಕ್ಕದ ಮಂಚದ ಮೇಲೆ ಮಲಗಿದಂತೆ ಮಾಡಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಕೆಂಪು, ಹಸಿರು, ಆಮೇಲೆ ಆ ನೀಲಿ ಚುಕ್ಕೆ

ರಾಡಾರ್ ನೋಡಲು ಒಂದಿಷ್ಟು ಕಲಿಯಬೇಕು, ಆದರೆ ಬಹಳ ಕಷ್ಟವೇನಿಲ್ಲ. ಎಲ್ಲರೂ ನೋಡಿರುವುದು ಮಳೆಯ ಚಿತ್ರ. ಹಸಿರು ಅಂದರೆ ತುಂತುರು, ಕೆಂಪು ಅಂದರೆ ಜೋರು. ಅದರ ಪಕ್ಕದಲ್ಲೇ ಇನ್ನೊಂದು ಚಿತ್ರ ಇರುತ್ತದೆ, ಅದು ಗಾಳಿಯದು. ಅಲ್ಲಿ ಬಣ್ಣಗಳ ಲೆಕ್ಕವೇ ಬೇರೆ. ರಾಡಾರ್ ಕಡೆಗೆ ಬರುವ ಗಾಳಿ ಹಸಿರು, ದೂರ ಹೋಗುವುದು ಕೆಂಪು. ಎರಡೂ ದೂರದೂರ ಇದ್ದರೆ ಚಿಂತೆಯಿಲ್ಲ. ಕಡು ಕೆಂಪು, ಕಡು ಹಸಿರು ಒಂದಕ್ಕೊಂದು ಅಂಟಿಕೊಂಡು ನಿಂತವೆಂದರೆ ಆ ಜಾಗದಲ್ಲಿ ಗಾಳಿ ಗಿರಗಿರ ತಿರುಗುತ್ತಿದೆ ಅಂತ ಅರ್ಥ. ಐದು ನಿಮಿಷಕ್ಕೊಮ್ಮೆ, ಕೆಲವು ಸಲ ಅದಕ್ಕೂ ಬೇಗ, ಹೊಸ ಚಿತ್ರ ಬರುತ್ತದೆ. ಆ ಜೋಡಿ ಈಶಾನ್ಯದ ಕಡೆ ಒಂದು ಹೆಜ್ಜೆ ಮುಂದೆ ಇಟ್ಟಿರುತ್ತದೆ.

ಮೂರನೇ ಚಿತ್ರ ನನಗೆ ಆವರೆಗೂ ಗೊತ್ತಿರಲಿಲ್ಲ. ಮೋಡದಲ್ಲಿರುವ ವಸ್ತುಗಳೆಲ್ಲ ಒಂದೇ ಬಗೆಯವೋ, ಬೇರೆ ಬೇರೆಯವೋ ಅಂತ ಹೇಳುವ ಚಿತ್ರ ಅದು. ಮಳೆ ಹನಿಗಳು ಹೆಚ್ಚುಕಡಿಮೆ ಒಂದೇ ಆಕಾರದವು, ಹಾಗಾಗಿ ಮೋಡವೆಲ್ಲ ಒಂದೇ ಬಣ್ಣ ಕಾಣುತ್ತದೆ. ಅದರ ನಡುವೆ ಒಂದು ನೀಲಿ ಚುಕ್ಕೆ ಮೂಡಿದರೆ, ಅದೂ ಆ ಕೆಂಪು ಹಸಿರು ಜೋಡಿಯ ಮೇಲೇ ಮೂಡಿದರೆ, ಅಲ್ಲಿ ಹಾರುತ್ತಿರುವುದು ನೀರಲ್ಲ. ಹಲಗೆ, ಮರದ ಟೊಂಗೆ, ಗೋಡೆಯೊಳಗೆ ತುಂಬುವ ಹತ್ತಿಯಂಥ ಇನ್ಸುಲೇಶನ್, ತಗಡು. ಸುಂಟರಗಾಳಿ ಬರಬಹುದು ಅಂತಲ್ಲ, ಬಂದು ಯಾರದೋ ಮನೆ ಮೇಲೆತ್ತಿ ಆಗಿದೆ. ಆ ದೇಶದ ರಾಡಾರ್‌ಗಳಿಗೆಲ್ಲ ಈ ಶಕ್ತಿ ಬಂದಿದ್ದು 2011ರಿಂದ 2013ರ ನಡುವೆ. ಕತ್ತಲಾದ ಮೇಲೆ, ಮಳೆಯ ಪರದೆಯ ಹಿಂದೆ ಸುಂಟರಗಾಳಿ ಅಡಗಿಕೊಂಡಾಗ, ಯಾರ ಕಣ್ಣಿಗೂ ಬೀಳದ್ದು ಹೀಗೆ ಸಿಕ್ಕಿಬೀಳುತ್ತದೆ. ಮೊದಲ ನೀಲಿ ಚುಕ್ಕೆ ನೋಡಿದಾಗ ನಾನು ಚಹಾ ಕುಡಿಯುತ್ತಿದ್ದೆ. ಲೈವ್‌ನ ಪಕ್ಕದಲ್ಲಿ ಎಲ್ಲೆಲ್ಲಿಯವರೋ ಬರೆಯುತ್ತಿದ್ದ ಸಾಲುಗಳು ಓಡುತ್ತಿದ್ದವು. ಕೆಲವರಿಗೆ ಅದು ಕ್ರಿಕೆಟ್ ಮ್ಯಾಚ್. ಅದನ್ನು ಮುಚ್ಚಿಬಿಟ್ಟೆ. ನನ್ನ ಎದೆಯಲ್ಲೂ ಅಂಥದ್ದೇ ಒಂದು ಕುತೂಹಲ ಕುಣಿಯುತ್ತಿತ್ತು ಅನ್ನುವುದು ಬೇರೆ ಮಾತು.

ಮಿಸಿಸಿಪ್ಪಿಯ ಟೈಲರ್‌ಟೌನ್ ಅನ್ನುವ ಸಣ್ಣ ಊರಿನ ಸುತ್ತ ಅವತ್ತು ಒಂದರ ಹಿಂದೆ ಒಂದು ಎರಡು ಸುಂಟರಗಾಳಿ ಹಾದುಹೋದವು. ಒಂದು ಹೋಯಿತು, ಮುಗಿಯಿತು ಅಂತ ಹೊರಗೆ ಬಂದು ನೋಡುವ ಹಾಗೂ ಇರಲಿಲ್ಲ.

ನಮ್ಮ ಬೆಳಗಿನ ಜಾವಕ್ಕೆ ಮೋಡಗಳ ಸಾಲು ಬರ್ಮಿಂಗ್‌ಹ್ಯಾಮ್ ಹತ್ತಿರ ಬಂತು. ಅಲ್ಲಿನ ಟಿವಿಯ ಜೇಮ್ಸ್ ಸ್ಪಾನ್ ಬಹಳ ವರ್ಷಗಳಿಂದ ಅಲಬಾಮಾದವರಿಗೆ ಮನೆಯವರಿದ್ದ ಹಾಗೆ. ಅವರು ಕೋಟು ಬಿಚ್ಚಿ, ತೋಳು ಮಡಚಿ, ಸಸ್ಪೆಂಡರ್‌ನಲ್ಲಿ ನಿಂತರೆ ವಿಷಯ ಗಂಭೀರ ಅಂತ ಅಲ್ಲಿನ ಜನ ಲೆಕ್ಕ ಹಾಕುತ್ತಾರಂತೆ. ಬಂಕಿನ ಹೆಸರು, ಚರ್ಚಿನ ಹೆಸರು ಹೇಳುವುದು ಅವರ ರೂಢಿ. ಅಳಿಯನಿಗೆ ವಿಡಿಯೋ ಕಾಲ್ ಮಾಡಿದೆ. ಮೂವರೂ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಚಪ್ಪಲಿ, ಬೂಟುಗಳ ನಡುವೆ ಕೂತಿದ್ದರು. ಮಗು ಗುಲಾಬಿ ಬಣ್ಣದ ಸೈಕಲ್ ಹೆಲ್ಮೆಟ್ ಹಾಕಿಕೊಂಡಿತ್ತು. ಇದೂ ಸ್ಪಾನ್ ಅವರು ಪದೇ ಪದೇ ಹೇಳುವ ಮಾತು, ಹಾರಿ ಬರುವ ವಸ್ತುಗಳಿಂದ ತಲೆ ಉಳಿಸಿಕೊಳ್ಳಿ ಅಂತ. ಕಾಲಿಗೆ ಬೂಟು ಕೂಡ ಹಾಕಿಸಿದ್ದರು. ಮನೆ ಬಿದ್ದರೆ ಗಾಜು, ಮೊಳೆ ತುಳಿದು ಹೊರಗೆ ಬರಬೇಕಲ್ಲ. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿ, ಮಗು ಚಿಪ್ಸ್ ಅಗಿಯಲು ಒದ್ದಾಡುತ್ತಿತ್ತು.

ಅವ್ವ ಎದ್ದು ಬಂದು ಫೋನ್ ಕಸಿದುಕೊಂಡಳು. "ಅಲ್ಲ್ಯಾಕ ಕುಂತೀರಿ?"

"ಗಾಳಿ ಬರ್ತದಂತ ಆಯಿ. ಇದು ಮನಿ ನಡುವಿನ ಜಾಗಾ, ಕಿಟಕಿ ಇಲ್ಲ."

"ಮನಿ ಎದುರ್ದು? ಕಲ್ಲಿಂದೋ, ಇಟ್ಟಂಗಿದೋ?"

"ಕಟ್ಟಿಗಿದು ಆಯಿ. ಇಲ್ಲಿ ಎಲ್ಲಾ ಕಟ್ಟಿಗಿವೇ."

ಅವ್ವ ನನ್ನ ಮುಖ ನೋಡಿದಳು. "ಅಷ್ಟ್ ರೊಕ್ಕಾ ಕೊಟ್ಟು ಕಟ್ಟಿಗಿ ಮನಿ ತಗೊಂಡಾನ? ಅಲ್ಲಿ ಶಾಬಾದಿ ಫರ್ಸಿ ಸಿಗಂಗಿಲ್ಲೇನು?" ಅಳಿಯ ನಕ್ಕ. ಪಕ್ಕದ ಮನೆಯವರು ನೆಲದೊಳಗೆ ಉಕ್ಕಿನ ಕೋಣೆ ಹೂಳಿಸಿದ್ದಾರೆ, ಗಾಳಿ ಬಂದಾಗ ಅದರೊಳಗೆ ಇಳಿದು ಬಾಗಿಲು ಹಾಕಿಕೊಳ್ಳುತ್ತಾರೆ ಅಂದ. "ಹಗೇವು ಅನ್ನು," ಅಂದಳು ಅವ್ವ. "ನಾವು ಜ್ವಾಳ ಇಡ್ತಿದ್ವಿ, ಅವ್ರು ಮಂದಿ ಇಡ್ತಾರ."

ಆಗಲೇ ಹೊರಗೆ ಮಸೀದಿಯ ಮೈಕ್ ಶುರುವಾಯಿತು. ಸಹರಿ ಮುಗಿಯಲು ಇನ್ನು ಹದಿನೈದು ನಿಮಿಷ ಬಾಕಿ, ಎದ್ದಿರದವರು ಏಳಿ ಅಂತ. ರಂಜಾನ್‌ನಲ್ಲಿ ನಮ್ಮ ಓಣಿಯಲ್ಲಿ ಇದು ದಿನಾ ಇರುವುದೇ. ಆದರೆ ಫೋನಿನ ಆ ಕಡೆ ಮಗು ಹೆದರಿ ಚಿಪ್ಸ್ ಕೈಬಿಟ್ಟಿತು. ಅದಕ್ಕೆ ಸೈರನ್ ಬಂತು ಅನ್ನಿಸಿತ್ತು. "ಇಲ್ಲ ಪುಟ್ಟಿ, ಅದು ಇಲ್ಲಿಂದು, ಊಟದ ಟೈಮ್ ಹೇಳ್ಲಕತ್ತಾರ," ಅಂತ ನಾನು ಸಮಾಧಾನ ಮಾಡಿದೆ. ಐದು ನಿಮಿಷ ಬಿಟ್ಟು ಅದೇ ದನಿ ಹತ್ತು ನಿಮಿಷ ಅಂತು. ಆಮೇಲೆ ಐದು. ಲ್ಯಾಪ್‌ಟಾಪ್‌ನಲ್ಲಿ ಸ್ಪಾನ್ ಕೂಡ ನಿಮಿಷಗಳನ್ನೇ ಎಣಿಸುತ್ತಿದ್ದರು.

ನಕ್ಷೆಯಲ್ಲಿ ಎಳೆದ ಎಚ್ಚರಿಕೆಯ ಗೆರೆ ನನ್ನ ಅಳಿಯನ ಊರಿನ ದಕ್ಷಿಣಕ್ಕೆ ಹಾದುಹೋಯಿತು. ಅವನ ಸುತ್ತ ಬರೀ ಮಳೆ ಬಂತು. ದಕ್ಷಿಣದ ಕಲೇರಾ ಕಡೆ, ಅದಕ್ಕೂ ಆಚೆ ಪ್ಲಾಂಟರ್ಸ್‌ವಿಲ್ ಕಡೆ ಮನೆಗಳು ಬಿದ್ದವು, ಜನ ಸತ್ತರು. ಗೆರೆಯ ಈ ಕಡೆ ಇದ್ದವರಿಗೆ ನೆಮ್ಮದಿ ಅನ್ನುವುದು ಆ ಕಡೆಯವರ ಲೆಕ್ಕ ಬಿಟ್ಟು ಸಿಗುವುದಿಲ್ಲ. ಆ ಮೂರು ದಿನಗಳಲ್ಲಿ ಒಟ್ಟು ನೂರಕ್ಕೂ ಹೆಚ್ಚು ಸುಂಟರಗಾಳಿ ಎದ್ದಿದ್ದವು ಅಂತ ಆಮೇಲೆ ಲೆಕ್ಕ ಸಿಕ್ಕಿತು.

ಜನ ಹೆದರುತ್ತಾರೆ ಅಂತ

ಅಮೆರಿಕದವರಿಗೂ ಇಂಥ ಎಚ್ಚರಿಕೆ ಮೊದಲಿನಿಂದ ಇದ್ದ ಸೌಲಭ್ಯವಲ್ಲ. 1880ರ ದಶಕದಲ್ಲಿ ಅಲ್ಲಿನ ಹವಾಮಾನ ನೋಡುತ್ತಿದ್ದ ಸೈನ್ಯದ ಇಲಾಖೆ ಮುನ್ಸೂಚನೆಯಲ್ಲಿ ಟೊರ್ನಾಡೊ, ಅಂದರೆ ಸುಂಟರಗಾಳಿ, ಅನ್ನುವ ಹೆಸರನ್ನೇ ಎತ್ತಬಾರದು ಅಂತ ತಡೆದಿತ್ತು. ಹೇಳಿದರೆ ಜನ ದಿಕ್ಕೆಟ್ಟು ಓಡುತ್ತಾರೆ, ಗಾಳಿಗಿಂತ ಅದೇ ದೊಡ್ಡ ಅನಾಹುತ ಅನ್ನುವ ಲೆಕ್ಕ. ಈ ಭಯ ದಶಕಗಟ್ಟಲೆ ಉಳಿಯಿತು. 1948ರ ಮಾರ್ಚ್ 20ರಂದು ಒಕ್ಲಹೋಮಾದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಹೊಡೆದು ವಿಮಾನಗಳನ್ನು ಪುಡಿಮಾಡಿತು. ಅಲ್ಲಿದ್ದ ಹವಾಮಾನ ಅಧಿಕಾರಿಗಳಾದ ಫಾಬುಶ್ ಮತ್ತು ಮಿಲ್ಲರ್ ಕೂತು ಹಳೆಯ ನಕ್ಷೆಗಳನ್ನೆಲ್ಲ ತೆಗೆದು ನೋಡಿದರು. ಐದು ದಿನ ಬಿಟ್ಟು, 25ನೇ ತಾರೀಖು, ನಕ್ಷೆಯಲ್ಲಿ ಅದೇ ಲಕ್ಷಣ ಕಂಡಿತು. ಇವತ್ತು ಬರಬಹುದು ಅಂತ ಬರೆದು ಕೊಟ್ಟರು. ಒಂದೇ ಜಾಗಕ್ಕೆ ವಾರದೊಳಗೆ ಎರಡು ಸಲ ಬರುತ್ತದೆ ಅಂತ ಹೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕು, ಅಲ್ವಾ? ಸಂಜೆ ಬಂದೇ ಬಿಟ್ಟಿತು. ವಿಮಾನಗಳನ್ನು ಮೊದಲೇ ಒಳಗೆ ಸೇರಿಸಿದ್ದರಿಂದ ಎಷ್ಟೋ ಉಳಿದವು.

ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 2007. ಆ ವರ್ಷದ ಅಕ್ಟೋಬರ್‌ವರೆಗೆ ಅವರೂ ಇಡೀ ಕೌಂಟಿಗೆ ಎಚ್ಚರಿಕೆ ಕೊಡುತ್ತಿದ್ದರು. ಕೌಂಟಿ ಅಂದರೆ ನಮ್ಮ ತಾಲ್ಲೂಕಿನಷ್ಟು ಅಂದುಕೊಳ್ಳಿ. ಮೂಲೆಯ ಒಂದು ಹಳ್ಳಿಗೆ ಅಪಾಯ ಇದ್ದರೂ ಎಲ್ಲರ ಊರಿನ ಸೈರನ್ ಕೂಗುತ್ತಿದ್ದವು. ಆಮೇಲೆ ಅದನ್ನು ಬಿಟ್ಟು, ಮೋಡ ಹೋಗುವ ದಾರಿಯ ಸುತ್ತಲೇ ನಕ್ಷೆಯಲ್ಲಿ ಗೆರೆ ಎಳೆದು, ಆ ಗೆರೆಯೊಳಗಿನವರಿಗೆ ಮಾತ್ರ ಹೇಳಲು ಶುರುಮಾಡಿದರು. ಅಷ್ಟು ಮಾಡಿದರೂ ನೂರು ಎಚ್ಚರಿಕೆಗಳಲ್ಲಿ ಎಪ್ಪತ್ತರಷ್ಟು ಸುಳ್ಳಾಗುತ್ತವೆ. ಗಾಳಿ ತಿರುಗುವುದು ಕಾಣುತ್ತದೆ, ನೆಲಕ್ಕೆ ಇಳಿಯುವುದಿಲ್ಲ. ಇನ್ನು 2011ರ ಏಪ್ರಿಲ್ 27ರಂದು ಎಚ್ಚರಿಕೆಗಳು ಚೆನ್ನಾಗಿಯೇ ಹೋಗಿದ್ದವು. ಆದರೆ ಬೆಳಿಗ್ಗೆಯ ಬಿರುಗಾಳಿಗೆ ಅಲಬಾಮಾದ ಬಹಳಷ್ಟು ಕಡೆ ಕರೆಂಟ್ ಹೋಗಿತ್ತು. ಮಧ್ಯಾಹ್ನದ ನಂತರ ದೊಡ್ಡವು ಬಂದಾಗ ಟಿವಿ ಹೊತ್ತದ ಮನೆಗಳು ಸಾವಿರಾರು. ಅವತ್ತು ಒಂದೇ ದಿನ ಆ ದೇಶದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು.

ಅಂದರೆ ರಾಡಾರ್ ಒಂದಿದ್ದರೆ ಸಾಲದು. ನಕ್ಷೆಯಲ್ಲಿ ತಾನು ಎಲ್ಲಿದ್ದೇನೆ ಅಂತ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಆದರೆ ತಾನು ದಿನಾ ಪೆಟ್ರೋಲ್ ಹಾಕಿಸುವ ಬಂಕು ಗೊತ್ತಿರುತ್ತದೆ. ಅದರ ಹೆಸರು ಕಿವಿಗೆ ಬಿದ್ದರೆ ಕಾಲು ತಾನಾಗೇ ಏಳುತ್ತದೆ. ಜಿಲ್ಲೆಯ ಹೆಸರು ಕೇಳಿ ಯಾರೂ ಎದ್ದು ಓಡಿದ್ದನ್ನು ನಾನು ಕಂಡಿಲ್ಲ.

ಮಾದನಹಿಪ್ಪರಗಾದಿಂದ ಫೋನು

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಮೊದಲ ವಾರ. ಆಳಂದ ತಾಲ್ಲೂಕಿನ ನಿಂಬರ್ಗಾ ಹತ್ತಿರದ ನಮ್ಮ ಕಾಕಾನ ಹೊಲದಲ್ಲಿದ್ದೆ. ಆ ಸಲ ಜೋಳದ ರಾಶಿ ತಡವಾಗಿತ್ತು. ಕಣದಲ್ಲಿ ಬಿಳಿಜೋಳದ ಗುಡ್ಡೆ ಹಾಗೇ ಇತ್ತು, ಚೀಲಕ್ಕೆ ತುಂಬುವುದು ಮರುದಿನ. ಬೆಳಿಗ್ಗೆ ಜಿಲ್ಲೆಗೆ ಹಳದಿ ಎಚ್ಚರಿಕೆ ಅಂತ ಮೊಬೈಲಿಗೆ ಬಂದಿತ್ತು. ಹಿಂದಿನ ದಿನವೂ ಬಂದಿತ್ತು, ಅದರ ಹಿಂದಿನ ದಿನವೂ. ಯಾರೂ ಅದರ ಬಗ್ಗೆ ಮಾತೂ ಆಡಲಿಲ್ಲ. ಮಧ್ಯಾಹ್ನದ ಆಕಾಶ ಬಿಸಿಲಿಗೆ ಬೆಳ್ಳಗಾಗಿತ್ತು, ಒಂದು ತುಣುಕು ಮೋಡ ಇಲ್ಲ.

ನಾಲ್ಕರ ಸುಮಾರಿಗೆ ಕಾಕಾನ ಫೋನ್ ಹೊಡಕೊಂಡಿತು. ಮಾದನಹಿಪ್ಪರಗಾದಿಂದ ಅವನ ಬೀಗರು. ಅದು ಅಕ್ಕಲಕೋಟ ಕಡೆಯ ಗಡಿ, ನಮಗೆ ಪಶ್ಚಿಮಕ್ಕೆ. ಕಾಕಾ ಫೋನ್ ಸ್ಪೀಕರಿಗೆ ಹಾಕಿ ಮಾತಾಡುವ ಮನುಷ್ಯ, ಹಾಗಾಗಿ ನಾವೆಲ್ಲ ಕೇಳಿದೆವು. "ಇಲ್ಲಿ ಭಾರಿ ಹೊಡೀಲಕತ್ತದ, ನಿಮ್ಮ ಕಡಿನೇ ಬರ್ಲಕತ್ತದ. ರಾಶಿ ಮುಚ್ಚರಿ ಮೊದ್ಲ."

"ಆಣಿಕಲ್ಲು ಅದಾವೇನು?"

"ಅವ. ಕಡ್ಲಿಯಷ್ಟವ."

"ಗಾಳಿ?"

"ಸಾಲಿ ಮ್ಯಾಲಿನ ಪತ್ರಾಸ್ ಕಿತ್ತು ಒಗದದ."

"ಮಳಿ ಮೊದ್ಲ ಬಂತೋ, ಗಾಳಿ ಮೊದ್ಲ ಬಂತೋ?"

"ಗಾಳಿ."

ಆ ಕೊನೆಯ ಪ್ರಶ್ನೆ ನನಗೆ ಈಗಲೂ ಅದ್ಭುತ ಅನ್ನಿಸುತ್ತದೆ. ಮಳೆ ಮೊದಲು ಬಂದರೆ ತಾಡಪತ್ರಿ ಹೊದಿಸಿದರೆ ಸಾಕು. ಗಾಳಿ ಮೊದಲು ಬಂದರೆ ತಾಡಪತ್ರಿಯೇ ಹಾರುತ್ತದೆ, ಅಂಚಿಗೆಲ್ಲ ಕಲ್ಲು ಹೇರಬೇಕು. ಕಾಕಾ ಫೋನ್ ಇಟ್ಟವನೇ ಪೂರ್ವದ ಕಡೆಯ ಇಬ್ಬರಿಗೆ ತಾನೇ ಫೋನ್ ಮಾಡಿ ಇಷ್ಟನ್ನೂ ಒಪ್ಪಿಸಿದ. ಆಮೇಲೆ ಹುಣಸೆ ಮರದ ಕೆಳಗೆ ಕೂತಿದ್ದ ಹೆಣ್ಣಾಳುಗಳನ್ನು ಗದರಿಸಿ ಕಲ್ಲಿನ ಕೋಣೆಗೆ ಕಳಿಸಿದ. ಸಿಡಿಲಿಗೆ ಮರವೇ ದಾರಿ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ, ಊರಲ್ಲಿ ಹಾಗೆ ಹೋದವರನ್ನು ನೋಡಿದ್ದಾನೆ. ನಾವು ಕಲ್ಲು ಹೇರಿ ಮುಗಿಸುವಷ್ಟರಲ್ಲಿ ಪಶ್ಚಿಮದಲ್ಲಿ ಕೆಂಧೂಳಿನ ಗೋಡೆ ಎದ್ದಿತ್ತು. ಕೋಣೆಯ ಬಾಗಿಲನ್ನು ಇಬ್ಬರು ಒತ್ತಿ ಹಿಡಿಯಬೇಕಾಯಿತು. ಬಾಗಿಲ ಸಂದಿಯಿಂದ ಬಂದ ಧೂಳು ಹಲ್ಲಲ್ಲಿ ಕರಕರ ಅನ್ನುತ್ತಿತ್ತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು ಬಿಸಿಲು ಬಂತು. ಹೊರಗೆ ಬಂದು ನೋಡಿದರೆ ಎರಡು ಬೇವಿನ ಮರ, ಒಂದು ಕರೆಂಟ್ ಕಂಬ ಬಿದ್ದಿದ್ದವು. ಮೂರೂ ಪೂರ್ವಕ್ಕೆ ತಲೆ ಹಾಕಿದ್ದವು. ರಾಶಿ ಉಳಿದಿತ್ತು.

ಮೂರೂ ಒಂದೇ ದಿಕ್ಕಿಗೆ ಬಿದ್ದಿದ್ದರ ಅರ್ಥ ನನಗೆ ತಿಳಿದದ್ದು ಬಹಳ ದಿನ ಬಿಟ್ಟು, ಫುಜಿತಾ ಅವರ ಬಗ್ಗೆ ಓದಿದಾಗ. ಸುಂಟರಗಾಳಿಯ ಬಲ ಅಳೆಯಲು ಇವತ್ತಿಗೂ ಅವರ ಹೆಸರಿನ ಅಳತೆಯೇ ಆಧಾರ. ಜಪಾನಿನವರು, ನಾಗಸಾಕಿಯ ಬಾಂಬಿನ ಹಾನಿಯನ್ನು ನೆಲದ ಮೇಲೆ ನಿಂತು ನೋಡಿದವರು. ಅಮೆರಿಕಕ್ಕೆ ಹೋದ ಮೇಲೆ 1974ರ ಏಪ್ರಿಲ್ 3 ಮತ್ತು 4ರಂದು ಎದ್ದ 148 ಸುಂಟರಗಾಳಿಗಳ ಜಾಡನ್ನು ಸಣ್ಣ ವಿಮಾನದಿಂದ ನಕ್ಷೆ ಮಾಡಿಸಿದರು. ಆ ಹಾರಾಟದಲ್ಲಿ ಕೆಲವು ಕಡೆ ಮರಗಳು ಸುತ್ತಿಕೊಂಡು ಬಿದ್ದಿರಲಿಲ್ಲ. ಒಂದು ನಡುವಿನಿಂದ ಹೊರಮುಖವಾಗಿ ಚೆಲ್ಲಿದಂತೆ ಬಿದ್ದಿದ್ದವು. ಮೋಡದೊಳಗಿನ ತಣ್ಣನೆಯ ಗಾಳಿ ದಬಕ್ಕನೆ ಕೆಳಗೆ ಬಿದ್ದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ ಅಂತ ಅವರು ಲೆಕ್ಕ ಹಾಕಿದರು. ಆ ನಡುವಿನ ಒಂದೇ ಪಕ್ಕದಲ್ಲಿದ್ದವೆಲ್ಲ ಒಂದೇ ದಿಕ್ಕಿಗೆ ಬೀಳುತ್ತವೆ. ಮೊದಮೊದಲು ಹಲವರು ನಂಬಲಿಲ್ಲ. ನಮ್ಮ ಬೇಸಿಗೆ ಮೋಡಗಳು ಹೆಚ್ಚಾಗಿ ಮಾಡುವುದು ಇದನ್ನೇ. ಹೊಲದಲ್ಲಿ ಕಸಕಡ್ಡಿ ಎತ್ತಿಕೊಂಡು ತಿರುಗುವ ಸುಳಿಗಾಳಿ ಬೇರೆ, ಅದು ಬರೀ ಬಿಸಿಲಿನ ಆಟ, ಅದಕ್ಕೆ ಮೋಡವೂ ಬೇಕಿಲ್ಲ.

ಅಲ್ಲಿಯಂಥದ್ದು ಇಲ್ಲಿ ಯಾಕೆ ಬರುವುದಿಲ್ಲ ಅಂದರೆ, ಬಿಸಿಲು ಕಡಿಮೆ ಅಂತಲ್ಲ. ಬಿಸಿಲಿಗೆ ಕಲಬುರಗಿಯಲ್ಲಿ ಬರವೇ? ಅಲ್ಲಿ ಕೆಳಗೆ ಮೆಕ್ಸಿಕೊ ಕೊಲ್ಲಿಯ ತೇವದ ಗಾಳಿ, ನೈಋತ್ಯದಿಂದ ಒಣ ಗಾಳಿ, ಮೇಲೆ ಬಲವಾದ ಜೆಟ್ ಗಾಳಿ, ಒಂದೊಂದು ಒಂದೊಂದು ದಿಕ್ಕು, ಒಂದೊಂದು ವೇಗ. ಆ ಎಳೆದಾಟಕ್ಕೆ ಮೋಡವೇ ತಿರುಗಲು ಶುರುಮಾಡುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಗಾಳಿಗೆ ಅಷ್ಟು ಕಸುವು ಇರುವುದಿಲ್ಲ. ದೇಶದ ಪೂರ್ವಕ್ಕೆ ಹೋದರೆ ಕಥೆ ಬೇರೆ. 2024ರ ಮಾರ್ಚ್ 31ರಂದು ಜಲ್ಪಾಯಿಗುರಿಯಲ್ಲಿ ಬಂದಿತ್ತು. ಬಾಂಗ್ಲಾದೇಶದ ಸಾಟುರಿಯಾ ಕಡೆ 1989ರ ಏಪ್ರಿಲ್ 26ರಂದು ಬಂದದ್ದು ಸುಮಾರು 1,300 ಜನರನ್ನು ಕೊಂದಿತು. ಜಗತ್ತಿನಲ್ಲಿ ದಾಖಲಾದವುಗಳಲ್ಲೇ ಹೆಚ್ಚು ಜೀವ ತೆಗೆದ ಸುಂಟರಗಾಳಿ ಅದು, ಅಮೆರಿಕದ್ದಲ್ಲ.

ಎಷ್ಟು ಸಣ್ಣದು ಮಾಡಬಹುದು

ಇಲ್ಲಿ ನನ್ನ ಮಾತಿಗೆ ನಾನೇ ಅಡ್ಡ ಹಾಕಿಕೊಳ್ಳಬೇಕು. ಸ್ಪಾನ್ ಅವರು ಮುಂದಿನ ಬಂಕಿನ ಹೆಸರು ಹೇಳಲು ಆಗುವುದು ಅಲ್ಲಿನ ಮೋಡ ಅಂಥದ್ದು ಅಂತ. ಅದು ಗಂಟೆಗಟ್ಟಲೆ ಬದುಕುತ್ತದೆ, ಹೆಚ್ಚುಕಡಿಮೆ ನೇರ ಹೋಗುತ್ತದೆ. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಊರನ್ನು ಕೆಡವಿದ ಸುಂಟರಗಾಳಿ 260 ಕಿಲೋಮೀಟರಿಗೂ ಹೆಚ್ಚು ದೂರ ನೆಲ ಬಿಡದೆ ಹೋಯಿತು. ಅಂದರೆ ಕಲಬುರಗಿಯಿಂದ ಹೊರಟು ಹೈದರಾಬಾದ್ ದಾಟಿದಂತೆ. ನಮ್ಮ ಮಧ್ಯಾಹ್ನದ ಮೋಡ ಎಲ್ಲೋ ಎದ್ದು, ಒಂದು ಗಂಟೆಯೊಳಗೆ ಸುರಿದು ಸತ್ತುಹೋಗುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಓಣಿಯ ಹೆಸರು ಹೇಳುತ್ತೇನೆ ಅಂದರೆ ಯಾರಿಗೂ ಆಗದ ಮಾತು.

ರಾಡಾರ್ ವಿಷಯವೂ ಹಾಗೇ. ನಾನು ಮಳೆಗಾಲಕ್ಕೆ ಮೊದಲು ತೆರೆದು ನೋಡುವುದು ಹೈದರಾಬಾದ್ ರಾಡಾರ್‌ನ ಚಿತ್ರ. ಅಲ್ಲಿಂದ ಆಳಂದ ನೇರವಾಗಿ 200 ಕಿಲೋಮೀಟರ್. ಭೂಮಿ ಬಾಗಿರುವುದರಿಂದ, ಕಿರಣವನ್ನು ಎಷ್ಟು ಕೆಳಗೆ ಬಿಟ್ಟರೂ ಆಳಂದ ಮುಟ್ಟುವಷ್ಟರಲ್ಲಿ ಅದು ನೆಲದಿಂದ ಕೆಲವು ಕಿಲೋಮೀಟರ್ ಮೇಲಿರುತ್ತದೆ. ಮೋಡದ ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಪತ್ರಾಸ್ ಕೀಳುವುದು ಕಾಲಿನ ಗಾಳಿ. 2024ರಲ್ಲಿ ಕೇಂದ್ರ ಸರ್ಕಾರ 2,000 ಕೋಟಿಯ ಮಿಷನ್ ಮೌಸಮ್ ಅಂತ ಮಾಡಿದೆ, ಅದರಲ್ಲಿ ರಾಡಾರ್ ಹೆಚ್ಚಿಸುವ ಮಾತೂ ಇದೆ. ಬರಲಿ, ಒಳ್ಳೆಯದೇ.

ಆದರೆ ಓಣಿ ಆಗದಿದ್ದರೂ ಹೋಬಳಿ ಯಾಕಾಗಬಾರದು ಅನ್ನುವುದು ನನ್ನ ತಕರಾರು. ಮಳೆ ಬಿದ್ದ ಮೇಲೆ ಅಳೆಯುವುದರಲ್ಲಿ ಕರ್ನಾಟಕ ಮುಂದಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ನಿಂಬರ್ಗಾದಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಅಂತ ಸಿಗುತ್ತದೆ. ಬಿದ್ದದ್ದು ಪಂಚಾಯ್ತಿ ಲೆಕ್ಕದಲ್ಲಿ, ಎಚ್ಚರಿಕೆ ಬರುವುದು ಜಿಲ್ಲೆಯ ಲೆಕ್ಕದಲ್ಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಒಂದಿಷ್ಟು ಆಸೆ ಹುಟ್ಟಿಸುತ್ತದೆ. ನಾವು ನಿಂತ ಜಾಗದಿಂದ 20 ಕಿಲೋಮೀಟರ್, 40 ಕಿಲೋಮೀಟರ್ ಸುತ್ತಿನೊಳಗೆ ಸಿಡಿಲಿನ ಅಪಾಯ ಇದೆಯೇ ಅಂತ ಹೇಳುತ್ತದೆ. 2022ರಲ್ಲಿ ಸಿಡಿಲಿಗೆ ಬಲಿಯಾದವರು ದೇಶದಲ್ಲಿ 2,880ಕ್ಕೂ ಹೆಚ್ಚು. ಅಮೆರಿಕದಲ್ಲಿ ಸುಂಟರಗಾಳಿಗೆ ಒಂದು ಸಾಮಾನ್ಯ ವರ್ಷದಲ್ಲಿ ಸಾಯುವವರು ನೂರರೊಳಗೆ. ನಮ್ಮ ಟೊರ್ನಾಡೊ ಸಿಡಿಲೇ.

ಆದರೆ ಆ್ಯಪ್ ನೋಡಲು ಹೊಲದಲ್ಲಿ ಫೋನ್ ಯಾರ ಕೈಯಲ್ಲಿದೆ? 2023ರ ಅಕ್ಟೋಬರ್‌ನಲ್ಲಿ ಪರೀಕ್ಷೆಗೆಂದು ರಾಜ್ಯದ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದ್ದು ನೆನಪಿರಬೇಕು. ಟವರ್ ಲೆಕ್ಕದಲ್ಲಿ ಬೇಕಾದ ಜಾಗಕ್ಕೆ ಮಾತ್ರ ಕಿರುಚಿಸುವ ತಂತ್ರ ಅದು, ಇದಕ್ಕೆ ಹೇಳಿ ಮಾಡಿಸಿದ್ದು. ಅವತ್ತು ಹುಣಸೆ ಮರದ ಕೆಳಗಿದ್ದ ಹೆಣ್ಣಾಳುಗಳಲ್ಲಿ ಫೋನ್ ಇದ್ದದ್ದು ಒಬ್ಬಳ ಹತ್ತಿರ. ಅದೂ ಬುತ್ತಿಗಂಟಿನಲ್ಲಿ, ಸ್ವಿಚ್ ಆಫ್.

ಕಳೆದ ಯುಗಾದಿಗೆ ಊರಿಗೆ ಹೋದಾಗ ಇದನ್ನೇ ಕಾಕಾನ ಮುಂದೆ ತೆಗೆದೆ. ಬೀಗರ ಫೋನ್ ಬಂದದ್ದೇ ಗುಡಿಯ ಮೈಕಿನಲ್ಲಿ ಹೇಳಿಬಿಟ್ಟರೆ ಅರ್ಧ ಹೊಲಗಳಿಗೆ ಕೇಳುತ್ತದಲ್ಲ, ಮಸೀದಿಯವರು ದಿನಾ ನಿಮಿಷ ಲೆಕ್ಕ ಹೇಳುವುದಿಲ್ಲವೇ ಅಂದೆ. ಕಾಕಾ ಒಪ್ಪಿದ. ಆಮೇಲೆ ಒಂದೊಂದೇ ತೊಡಕು ತೆಗೆದ. ಗಾಳಿ ಅಂದರೆ ಕರೆಂಟ್ ಮೊದಲು ಹೋಗುತ್ತದೆ, ಹಾಗಾಗಿ ಬ್ಯಾಟರಿ ಬೇಕು. ಹೇಳಿದ್ದು ಬರದಿದ್ದರೆ ಮರುದಿನ ಕಟ್ಟೆಯ ಮೇಲೆ ನಗುತ್ತಾರೆ, ಆ ನಗು ತಡೆದುಕೊಳ್ಳುವವನು ಬೇಕು. "ಹತ್ತರಾಗ ಏಳು ಸುಳ್ಳಾದ್ರೂ ಅಲ್ಲಿ ಮಂದಿ ಕೇಳ್ತಾರ," ಅಂದೆ. "ಅಲ್ಲಿ ಕೇಳ್ತಾರ," ಅಂದ ಕಾಕಾ. "ಇರ್ಲಿ, ನಾನೇ ಹೇಳ್ತೀನಿ. ನಕ್ಕರ ನಗಲಿ. ಆದ್ರ ಮೈಕಿನ ಕ್ವಾಣಿ ಚಾವಿ ಪೂಜಾರಿ ಹತ್ರ ಅದ. ಅಂವಾ ಮಧ್ಯಾಹ್ನ ಉಂಡು ಮಲಗಿದಾ ಅಂದ್ರ ಐದರ ತನಕ ಏಳಂಗಿಲ್ಲ. ಇನ್ನೊಂದ್ ಚಾವಿ ಮಾಡ್ಸು ಅಂದ್ರ ಕಮಿಟಿ ಮೀಟಿಂಗ್ ಕರೀಬೇಕಂತ."